ಸಸಿಗೆ ಧನ್ಯವಾದ ಹೇಳಬಾರದು

ಎಟೆಲ್ಕಾ ಮೆಚ್ಚುವಂಥದ್ದು ಈ ಪ್ರಪಂಚದಲ್ಲಿ ಬಹಳ ಕಡಿಮೆ. ಪಕ್ಕದ ಮನೆಗೆ ಬಂದು ಸೇರಿಕೊಂಡಿದ್ದ ಬುಡಾಪೆಸ್ಟಿನ ಹೆಂಗಸಂತೂ ಆ ಪಟ್ಟಿಯ ಹತ್ತಿರಕ್ಕೂ ಸುಳಿದವಳಲ್ಲ.

ಆ ಹೆಂಗಸಿನ ಹೆಸರು ಎಮೊಕೆ. ನಲವತ್ತು ದಾಟಿದ್ದಳು. ಮೂರು ವರ್ಷದ ಹಿಂದೆ ಮನೆ ಕೊಂಡು ಬಂದವಳು ಮೊದಲು ಮಾಡಿದ ಕೆಲಸವೆಂದರೆ, ಒಳ್ಳೇ ಕಪ್ಪು ಮಣ್ಣಿನ ಆಲೂಗಡ್ಡೆ ಮಡಿಗಳನ್ನು ಹುಲ್ಲಿಗೆ ಬಿಟ್ಟಿದ್ದು. ಸೋಮಾರಿತನಕ್ಕೆ ಬಿಟ್ಟಿದ್ದರೆ ಎಟೆಲ್ಕಾ ಹೇಗೋ ಕ್ಷಮಿಸುತ್ತಿದ್ದಳೇನೋ. ಇವಳು ಬೇಕೆಂದೇ ಬಿಟ್ಟಳು. ಆಮೇಲೆ ಕುಂಡಕುಂಡಗಳಲ್ಲಿ ಕಾಡು ಗಸಗಸೆ, ರಸ್ತೆಬದಿಯ ನೀಲಿ ಹೂವು, ಬೇಲಿಯಲ್ಲಿ ತಾನಾಗಿ ಬೆಳೆಯುವ ಮುಳ್ಳಿನ ಕಾಡುಗುಲಾಬಿ, ಎಲ್ಲವನ್ನೂ ತರಿಸಿ ನೆಟ್ಟು, ಒಂದೊಂದರ ಪಕ್ಕದಲ್ಲೂ ಪುಟ್ಟ ಹಲಗೆಯ ಮೇಲೆ ಹೆಸರು ಬರೆದು ಚುಚ್ಚಿದಳು.

"ಇವೆಲ್ಲ ಈ ಮಣ್ಣಿನವೇ ಗಿಡಗಳು, ಎಟೆಲ್ಕಾ ನೇನಿ," ಎಂದಿದ್ದಳು ಬೇಲಿಯಾಚೆಯಿಂದ. ಊರಲ್ಲಿ ಹಿರಿಯ ಹೆಂಗಸರೆಲ್ಲ ನೇನಿಗಳೇ.

"ಗೊತ್ತು ಕಣೆ. ಮೂವತ್ತು ವರ್ಷ ಇವನ್ನ ಕಿತ್ತೂ ಕಿತ್ತೂ ನನ್ನ ಸೊಂಟ ಬಿದ್ಹೋಗಿದೆ. ಹಲಗೆ ಓದಿ ಪರಿಚಯ ಮಾಡ್ಕೋಬೇಕಾಗಿಲ್ಲ."

ಮೂವತ್ತು ವರ್ಷ ಎಂದದ್ದು ಸುಳ್ಳಲ್ಲ. ಮಾರೊಶ್ ನದಿಯ ಈಚೆಗಿನ ಆ ಊರಲ್ಲಿ ಗುಲಾಬಿಯೇ ಎಲ್ಲರ ಅನ್ನ. ಸಹಕಾರಿ ಸಂಘದ ತೋಟದಲ್ಲಿ ಎಟೆಲ್ಕಾ ಕಣ್ಣುಕಸಿ ಮಾಡುತ್ತಿದ್ದಳು. ನೆಲಕ್ಕೆ ಬಾಗಿ, ಕಾಡುಗುಲಾಬಿಯ ಬುಡದ ಮಣ್ಣು ಸರಿಸಿ, ತೊಗಟೆ ಸೀಳಿ, ಒಳ್ಳೆಯ ಗುಲಾಬಿಯ ಒಂದು ಕಣ್ಣನ್ನು ಅದರೊಳಗೆ ಕೂರಿಸಿ ಕಟ್ಟುವುದು. ದಿನಕ್ಕೆ ಸಾವಿರದೈನೂರು. ಮುಂದಿನ ವಸಂತದಲ್ಲಿ ಕಾಡುಗುಲಾಬಿಯ ತಲೆ ಕತ್ತರಿಸಿ ಎಸೆದರೆ ಕೆಳಗಿನ ಕಣ್ಣು ಚಿಗುರುತ್ತದೆ. ಹಾಗೆ ತಲೆ ಹಾರಿಸಿಕೊಳ್ಳಲೆಂದೇ ಹುಟ್ಟಿದ ಕಾಡುಗುಲಾಬಿಯನ್ನು ಈ ಎಮೊಕೆ ಮನೆ ಮುಂದೆ ನೆಟ್ಟು, ಅದಕ್ಕೆ ನೀರು ಹಾಕಿ, ಜೇನುಹುಳ ಬಂತೆಂದು ಫೋಟೋ ತೆಗೆಯುತ್ತಿದ್ದಳು. ನೋಡಿ ನೋಡಿ ಎಟೆಲ್ಕಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕಿಂತಲೂ ಸಹಿಸಲಾಗದ್ದು ಅವಳ ಧನ್ಯವಾದ. ಯಾರಾದರೂ ಸಸಿ ಕೊಟ್ಟರೆ ಧನ್ಯವಾದ ಹೇಳಬಾರದು, ಹೇಳಿದರೆ ಅದು ಬೇರು ಹಿಡಿಯುವುದಿಲ್ಲ. ಇದು ಆ ಊರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮರ್ಯಾದಸ್ಥರು ಸಸಿಯನ್ನು ಈಸಿಕೊಂಡು ಒಂದು ಸಲ ಮೂಗು ಮುರಿಯುತ್ತಾರೆ, ಬದುಕುವ ಹಾಗೆ ಕಾಣುವುದಿಲ್ಲ ಎನ್ನುತ್ತಾರೆ, ತೆಗೆದುಕೊಂಡು ಹೋಗುತ್ತಾರೆ. ಮೊದಲ ವರ್ಷ ಎಟೆಲ್ಕಾ, ಹೊಸಬಳು ಹೋಗಲಿ ಎಂದು ಹನ್ನೆರಡು ಮೆಣಸಿನ ಸಸಿ ಕೊಟ್ಟಳು. ಆ ಬೆಪ್ಪುತಕ್ಕಡಿ ಕೈಯಲ್ಲಿ ಹಿಡಿದುಕೊಂಡು "ತುಂಬಾ ಧನ್ಯವಾದ ನೇನಿ" ಎಂದಳು, ಗೇಟಿನ ಹತ್ತಿರ ತಿರುಗಿ ಮತ್ತೊಮ್ಮೆ ಎಂದಳು, ಸಂಜೆ ಬೇಲಿಯ ಮೇಲಿಂದ ಮೂರನೆಯ ಸಲ ಎಂದಳು. ಹನ್ನೆರಡೂ ಸತ್ತವು. ಗೊಣ್ಣೆಹುಳು ತಿಂದಿತು ಎಂದು ಎಮೊಕೆ ಹೇಳಿದಳು. ಹುಳು ತಿಂದದ್ದು ನಿಜವೇ. ಆದರೆ ಹುಳುವನ್ನು ಕರೆದವರು ಯಾರೆಂಬುದರಲ್ಲಿ ಎಟೆಲ್ಕಾಳಿಗೆ ಯಾವ ಅನುಮಾನವೂ ಇರಲಿಲ್ಲ.

ಎಟೆಲ್ಕಾ ಮೆಚ್ಚುವ ಒಂದೇ ಒಂದು ವಸ್ತು ಅವಳ ಮನೆಯ ಮುಂದಿನ ಬೇಲಿಗೆ ಒರಗಿ ನಿಂತಿತ್ತು. ಅದು ಅವಳ ಗುಲಾಬಿ. ಅವಳ ಅಂಗಳದಲ್ಲಿದ್ದ ಕಾರಣಕ್ಕೆ ಮಾತ್ರ ಅವಳದಲ್ಲ. ಬೀಜದಿಂದ ಅವಳೇ ಹುಟ್ಟಿಸಿದ್ದು. ತೋಟದಲ್ಲಿ ಬಿದ್ದಿದ್ದ ಗುಲಾಬಿ ಕಾಯನ್ನು ಜೇಬಿಗೆ ಹಾಕಿಕೊಂಡು ಬಂದು, ಮೊಸರಿನ ಡಬ್ಬಿಗಳಲ್ಲಿ ಬಿತ್ತಿ, ಎದ್ದ ಸಸಿಗಳಲ್ಲಿ ಮೂವತ್ತೊಂಬತ್ತನ್ನು ಕಿತ್ತೆಸೆದು, ಒಂದನ್ನು ಉಳಿಸಿ, ಒಂಬತ್ತು ವರ್ಷ ಕಾದಿದ್ದಳು. ಹೂವು ಏಪ್ರಿಕಾಟ್ ಬಣ್ಣದ್ದು, ದಳದ ಅಂಚು ಸಿಟ್ಟು ಬಂದವರ ಕಿವಿಯ ಹಾಗೆ ಕೆಂಪು. ವಾಸನೆ ಮಾಗಿದ ಸೇಬಿನದು, ಅದರ ಹಿಂದೆಯೇ ಕರಿಮೆಣಸಿನ ಘಾಟು. ಅಂಥ ವಾಸನೆಯ ಗುಲಾಬಿ ಇನ್ನೊಂದಿರಲಿಲ್ಲ.

ಮೂವತ್ತನಾಲ್ಕು ವರ್ಷದ ಹಿಂದೆ ಅದನ್ನು ಸಂಘದ ಮುಖ್ಯ ತೋಟಗಾರನಿಗೆ ತೋರಿಸಿದ್ದಳು. ಅವನು ನಕ್ಕಿದ್ದ. "ಎಟೆಲ್ಕಾ, ನಿನಗೆ ದೇವರು ಕೈ ಕೊಟ್ಟಿದ್ದಾನೆ. ಹೊಸ ಗುಲಾಬಿ ಹುಟ್ಟಿಸೋಕೆ ತಲೆ ಬೇಕು," ಎಂದಿದ್ದ. ಸುತ್ತ ನಿಂತವರೂ ನಕ್ಕಿದ್ದರು. ಅವತ್ತೇ ಅವಳು ತೀರ್ಮಾನ ಮಾಡಿದಳು, ಈ ಊರಲ್ಲಿ ಒಬ್ಬರಿಗೂ ಇದರ ಒಂದು ಕಡ್ಡಿ ಸಿಗುವುದಿಲ್ಲ. ತಾನೇ ಒಂದು ಕಾಡುಗುಲಾಬಿಯ ಬುಡಕ್ಕೆ ಅದರ ಕಣ್ಣು ಕೂರಿಸಿ, ಒಂದೇ ಒಂದು ಗಿಡ ಮಾಡಿ, ಮೂಲ ಸಸಿಯನ್ನೂ ಕಿತ್ತು ಸುಟ್ಟಳು. ಪ್ರತಿ ವಸಂತದಲ್ಲಿ ಸವರಿದ ಕಡ್ಡಿಗಳನ್ನು ಒಲೆಗೆ ಹಾಕಿ, ಉರಿದು ಬೂದಿಯಾಗುವ ತನಕ ಎದುರಿಗೇ ಕೂರುತ್ತಿದ್ದಳು. ಅದಕ್ಕೆ ಹೆಸರು ಕೂಡ ಇಡಲಿಲ್ಲ. ಹೆಸರಿಟ್ಟರೆ ಜನ ಹೇಳಿಕೊಂಡು ತಿರುಗುತ್ತಾರೆ. ಊರಿನವರ ಮನೆಗಳ ಗೇಟು ದಾಟುವುದನ್ನೂ ಅವತ್ತಿನಿಂದ ಬಿಟ್ಟಳು. ಅಂಗಡಿ, ಚರ್ಚು, ಬೀದಿಬದಿಯ ಬೆಂಚು, ಅಷ್ಟರಲ್ಲೇ ಜನರನ್ನು ತಿರಸ್ಕರಿಸಲು ಬೇಕಾದಷ್ಟು ಅವಕಾಶ ಸಿಗುತ್ತಿತ್ತು.

ಬೀದಿಗೆ ಚಾಚಿದ ಕೊಂಬೆಗಳಲ್ಲಿ ಪ್ರತಿ ಶರತ್ಕಾಲ ಒಂದೋ ಎರಡೋ ಮುರಿದಿರುತ್ತಿದ್ದವು. ಎದುರು ಮನೆಯ ಪಿರೋಷ್ಕಾಳ ಮೇಕೆ ಎಂದು ಎಟೆಲ್ಕಾ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದಳು.

ಹೋದ ಅಕ್ಟೋಬರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಲಿಲ್ಲ, ಆದರೆ ಬಾಗುವುದು ಕೂಡ ಆಗಲಿಲ್ಲ. ನವೆಂಬರಿನಲ್ಲಿ ಗುಲಾಬಿಯ ಬುಡಕ್ಕೆ ಮಣ್ಣು ಏರಿಸಬೇಕು, ಕಸಿಯ ಗಂಟು ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ಹಿಮ ಅದನ್ನು ತಿಂದು ಹಾಕುತ್ತದೆ. ಎಮೊಕೆ ಗೇಟಿಗೆ ಬಂದು ನಿಂತಳು. ಕೈಗೆ ಹೂಹೂವಿನ ಹೊಚ್ಚ ಹೊಸ ಕೈಗವಸು.

"ನೇನಿ, ನಾನು ಮಣ್ಣು ಏರಿಸಿಕೊಡ್ಲಾ? ಹೇಗೆ ಅಂತ ಹೇಳಿಕೊಡಿ."

"ಆ ಮದುವೆ ಕೈಗವಸು ಹಾಕ್ಕೊಂಡಾ? ಹೋಗು, ನಿನ್ನ ಹುಲ್ಲಿಗೆ ಜಡೆ ಹೆಣಿ ಹೋಗು."

ಎಮೊಕೆ ಹೋದಳು. ಬೇರೆ ಯಾರನ್ನೂ ಎಟೆಲ್ಕಾ ಕೇಳಲಿಲ್ಲ. ಸೊಂಟ ಸರಿಹೋದ ಮೇಲೆ ತಾನೇ ಮಾಡುತ್ತೇನೆಂದುಕೊಂಡಳು. ಜನವರಿಯಲ್ಲಿ ಬುಡಕ್ಕೆ ಹೊದಿಕೆಯಾಗುವಷ್ಟು ಮಂಜೂ ಬೀಳದೆ ಬರಿಯ ಚಳಿ ಬಂತು. ಐದು ದಿನ, ಸೊನ್ನೆಗಿಂತ ಹದಿನೆಂಟು ಕೆಳಗೆ. ಕಿಟಕಿಯ ಹಿಂದೆ ಕೂತು ಅವಳು ಆ ಬೋಳು ಬುಡವನ್ನೇ ನೋಡಿದಳು.

ಏಪ್ರಿಲ್‌ನಲ್ಲಿ ಕತ್ತರಿ ಹಿಡಿದು ಹೋದಳು. ಮೇಲಿನ ಕಡ್ಡಿ ಕತ್ತರಿಸಿದರೆ ಒಳಗೆ ಕಂದು. ಒಂದು ಗೇಣು ಕೆಳಗೆ ಕತ್ತರಿಸಿದರೂ ಕಂದು. ಕಸಿಯ ಗಂಟಿನವರೆಗೂ ಇಳಿದಳು, ಕೊನೆಗೆ ಗಂಟನ್ನೇ ಕೆರೆದು ನೋಡಿದಳು, ಅದೂ ಸುಟ್ಟ ಬ್ರೆಡ್ಡಿನ ಬಣ್ಣ. ಎರಡು ವಾರದ ನಂತರ ಬುಡದಿಂದ ಚಿಗುರು ಬಂತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಬದುಕಿತು ಎಂದುಕೊಂಡಳು. ಆಮೇಲೆ ಎಲೆ ಎಣಿಸಿದಳು, ಮುಳ್ಳು ನೋಡಿದಳು. ಕಾಡುಗುಲಾಬಿ. ಅವಳ ಗುಲಾಬಿ ಸತ್ತು, ಅದನ್ನು ಹೊತ್ತಿದ್ದ ಬೇರು ಬದುಕಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಕಾಡುಗುಲಾಬಿ ಅಲ್ವಾ ನೇನಿ ಇದು? ದಯವಿಟ್ಟು ಕತ್ತರಿಸಬೇಡಿ. ಜೇನುಹುಳಕ್ಕೆ ಇದು ಅಂದ್ರೆ ಪ್ರಾಣ," ಎಂದಳು ಎಮೊಕೆ ಬೇಲಿಯಾಚೆಯಿಂದ.

ಎಟೆಲ್ಕಾ ಕತ್ತರಿಯನ್ನು ಅವಳ ಕಡೆ ಎಸೆಯದೇ ಇದ್ದದ್ದು ದೊಡ್ಡ ಮಾತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಂಡ ಸತ್ತಾಗ ಜನರ ಎದುರು ಅಳಲಾರೆನೆಂದು ಗಂಟುಮುಖ ಹಾಕಿಕೊಂಡು ಓಡಾಡಿದವಳು, ಅವತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಚಿಗುರನ್ನು ಕತ್ತರಿಸಲು ಆಮೇಲೆ ಮನಸ್ಸೇ ಬರಲಿಲ್ಲ. ಸಾಯಲಿ, ಅದೇ ಬೆಳೆದುಕೊಳ್ಳಲಿ ಎಂದು ಬಿಟ್ಟಳು.

ಮೇ ಮಧ್ಯದಲ್ಲಿ ಕೊನೆಯ ಚಳಿ ಹೊತ್ತು ತರುವ ಹಿಮದ ಸಂತರ ಹಬ್ಬದ ಮೂರು ದಿನ ಕಳೆಯುವ ತನಕ ಊರಲ್ಲಿ ಯಾರೂ ಟೊಮ್ಯಾಟೊ ನೆಲಕ್ಕಿಡುವುದಿಲ್ಲ. ಎಮೊಕೆ ಏಪ್ರಿಲ್ ಕೊನೆಗೇ ಇಟ್ಟು, ಎಲ್ಲವನ್ನೂ ಸಾಯಿಸಿ, ಎರಡನೆಯ ಸಲ ಕಿಟಕಿಯಲ್ಲಿ ಬೆಳೆಸಿದಳು. ಅವು ಬೆಳಕಿಲ್ಲದೆ ಉದ್ದುದ್ದ ಬೆಳೆದು, ಕುಡಿದವರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಅಂಥ ಆರು ಸಸಿಗಳು ಎಟೆಲ್ಕಾಳ ಬೆಂಚಿನ ಮೇಲೆ ಕೂತಿದ್ದವು. ಜೊತೆಗೊಂದು ಚೀಟಿ: "ಇಷ್ಟು ದಿನ ಕಲಿಸಿದ್ದಕ್ಕೆಲ್ಲ ಧನ್ಯವಾದ."

ಕಲಿಸಿದ್ದೇನು ಮಣ್ಣು! ಎಟೆಲ್ಕಾ ಸಸಿಗಳನ್ನು ಎದೆಗವಚಿಕೊಂಡು, ಕೋಲೂರಿಕೊಂಡು, ಅವಳ ಮುಖಕ್ಕೇ ಎಸೆದು ಬರುತ್ತೇನೆಂದು ಹೊರಟಳು. ಎಮೊಕೆಯ ಮುಂಬಾಗಿಲು ಹಾಕಿತ್ತು. ಸಿಟ್ಟಿನಲ್ಲಿ, ಮೂವತ್ತನಾಲ್ಕು ವರ್ಷದಿಂದ ಬೇರೆಯವರ ಹಿತ್ತಲಿಗೆ ಕಾಲಿಟ್ಟಿಲ್ಲ ಎಂಬುದೂ ಮರೆತುಹೋಗಿ, ಮನೆಯನ್ನು ಬಳಸಿ ಹಿಂದಕ್ಕೆ ನಡೆದಳು.

ಮೊದಲು ಬಂದದ್ದು ವಾಸನೆ. ಮಾಗಿದ ಸೇಬು, ಹಿಂದೆಯೇ ಕರಿಮೆಣಸು. ತಲೆ ಕೆಟ್ಟಿತು ನನಗೆ ಎಂದುಕೊಂಡಳು ಎಟೆಲ್ಕಾ. ಇನ್ನೂ ನಾಲ್ಕು ಹೆಜ್ಜೆ ಇಟ್ಟಳು. ಮಳೆನೀರಿನ ಪೀಪಾಯಿಯ ಪಕ್ಕ, ಎದೆಯೆತ್ತರದ ಹುಲ್ಲಿನ ನಡುವೆ, ಅವಳ ಗುಲಾಬಿ ನಿಂತಿತ್ತು. ಏಳು ಹೂವು ಅರಳಿದ್ದವು, ದಳದ ಅಂಚುಗಳು ಕೆಂಪಗೆ.

ಹುಲ್ಲಿನಲ್ಲಿ ಮಂಡಿಯೂರಿ ಕೂತಿದ್ದ ಎಮೊಕೆ ತಲೆಯೆತ್ತಿದಳು. ಅವಳ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಕಳ್ಳಿ," ಎಂದಳು ಎಟೆಲ್ಕಾ.

"ಹೌದು ನೇನಿ."

"ಯಾವಾಗ?"

"ಬಂದ ವರ್ಷವೇ. ಅಕ್ಟೋಬರಲ್ಲಿ. ಬೀದಿ ಕಡೆ ಬಾಗಿದ್ದ ಕೊಂಬೆ." ಎಮೊಕೆ ಎದ್ದು ನಿಂತಳು. "ಪಿರೋಷ್ಕಾ ನೇನಿ ಹೇಳಿದ್ರು. ನಿಮ್ಮನ್ನ ಕೇಳಬಾರದು, ಕೇಳಿದ್ರೆ ಕೊಡಲ್ಲ, ಕೊಟ್ಟರೂ ನಾನು ಧನ್ಯವಾದ ಹೇಳಿ ಸಾಯಿಸ್ತೀನಿ ಅಂತ. ಕದ್ದದ್ದಾದ್ರೆ ಚೆನ್ನಾಗಿ ಬರುತ್ತಂತೆ. ಕಡ್ಡಿ ಚುಚ್ಚಿ ಮೇಲೆ ಉಪ್ಪಿನಕಾಯಿ ಬಾಟಲಿ ಬೋರಲು ಹಾಕು, ವಸಂತದ ತನಕ ಮುಟ್ಟಬೇಡ ಅಂದ್ರು. ಅವರದ್ದೂ ಹಾಗೇ ಅಂತೆ."

"ಅವಳದ್ದೂ ಅಂದ್ರೆ?"

ಎಮೊಕೆ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

ಎಟೆಲ್ಕಾ ನೇರ ಎದುರು ಮನೆಗೆ ನಡೆದಳು. ಪಿರೋಷ್ಕಾ ಹಿತ್ತಲಿನಲ್ಲಿ ಕೂತು ಚೆರ್ರಿಯ ಬೀಜ ತೆಗೆಯುತ್ತಿದ್ದಳು. ಕೈ ಮೊಣಕೈಯವರೆಗೆ ಕೆಂಪು. ಅವಳ ಹಿಂದೆ, ಹಂದಿಗೂಡಿನ ಗೋಡೆಯ ಮೇಲೆ, ಮಾಡಿನವರೆಗೂ ಹಬ್ಬಿ ಎಟೆಲ್ಕಾಳ ಗುಲಾಬಿ ಅರಳಿತ್ತು. ಸಾಲದ್ದಕ್ಕೆ ಹಂದಿಯೂ ಒಂದು ದಳ ಜಗಿಯುತ್ತ ನಿಂತಿತ್ತು.

"ಬಾ ಕೂತ್ಕೋ," ಎಂದಳು ಪಿರೋಷ್ಕಾ, ಮೊನ್ನೆ ತಾನೇ ಬಂದು ಹೋದವಳನ್ನು ಕರೆಯುವ ಹಾಗೆ.

"ಯಾರೇ ಕೊಟ್ಟಿದ್ದು ನಿನಗೆ ಇದನ್ನ?"

"ಯಾರೂ ಕೊಟ್ಟಿಲ್ಲ. ಅದಕ್ಕೇ ಅಷ್ಟು ಚೆನ್ನಾಗಿ ಬಂದಿರೋದು."

"ನನ್ನನ್ನ ಕೇಳಬೇಕಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಮತ್ತೆ?" ಪಿರೋಷ್ಕಾ ಒಂದು ಬೀಜ ಬಕೆಟ್ಟಿಗೆ ಎಸೆದಳು. "ಇನ್ನೊಂದು ಮಾತು. ನನ್ನ ಮೇಕೆ ಸತ್ತು ಒಂಬತ್ತು ವರ್ಷ ಆಯ್ತು ಕಣೆ. ಹೋದ ವರ್ಷನೂ ನೀನು ಬೀದೀಲಿ ನಿಂತು ಅದಕ್ಕೆ ಬೈತಿದ್ದೆ. ಪಾಪ, ಅದು ಮೂಸಿಯೂ ನೋಡಿರಲಿಲ್ಲ."

"ಇನ್ಯಾರ ಮನೇಲಿದೆ?"

"ಯಾರ ಮನೇಲಿ ಇಲ್ಲ ಅಂತ ಕೇಳು, ಬೇಗ ಮುಗಿಯುತ್ತೆ."

ಎಟೆಲ್ಕಾ ಮುಗಿಸಿಯೇ ಬಂದಳು. ಆರು ಟೊಮ್ಯಾಟೊ ಸಸಿಗಳನ್ನು ಇನ್ನೂ ಎದೆಗವಚಿಕೊಂಡೇ ಬೀದಿಯುದ್ದಕ್ಕೂ ಗೇಟು ಗೇಟು ದಾಟಿದಳು. ಚರ್ಚಿನ ಗಂಟೆ ಹೊಡೆಯುವವನ ಹಿತ್ತಲಲ್ಲಿ ಗೊಬ್ಬರದ ಗುಂಡಿಯ ಪಕ್ಕ ಇತ್ತು. ಬ್ರೆಡ್ ಅಂಗಡಿಯ ವಿಧವೆ ಅದರ ಕೆಳಗೆ ಒಳಉಡುಪು ಒಣಹಾಕಿದ್ದಳು. ಸತ್ತುಹೋದ ಮುಖ್ಯ ತೋಟಗಾರನ ಮನೆಯ ಹಿಂದೆ ಕೋಳಿಗೂಡನ್ನೇ ಮುಚ್ಚಿತ್ತು. ಬುಡ ನೋಡಿದರೆ ಇಪ್ಪತ್ತು ವರ್ಷದ ಗಿಡ, ಅವನೇ ಬದುಕಿದ್ದಾಗ ನೆಟ್ಟದ್ದು. ತಲೆಯಿದ್ದ ಮನುಷ್ಯ ಕೈಯಿದ್ದವಳ ಬೇಲಿಯಿಂದ ಕದ್ದಿದ್ದ. ಅಲ್ಲಿ ಮಾತ್ರ ಎಟೆಲ್ಕಾ ಜೋರಾಗಿ ನಕ್ಕಳು, ಕೋಳಿಗಳು ಬೆದರಿ ಓಡಿದವು.

ಎಲ್ಲವೂ ಮನೆಯ ಹಿಂದೆಯೇ. ಎಟೆಲ್ಕಾ ಯಾರ ಹಿತ್ತಲಿಗೂ ಬರುವವಳಲ್ಲ ಎಂದು ಗೊತ್ತಿದ್ದುದರಿಂದ ಊರು ಅಷ್ಟು ವರ್ಷ ನಿಶ್ಚಿಂತೆಯಿಂದ ಇತ್ತು. ಒಂದೂ ಕಸಿಯದ್ದಲ್ಲ. ಎಲ್ಲವೂ ಅವಳು ಜೀವನವಿಡೀ ಮೂಗು ಮುರಿದ ಬಾಟಲಿ ಗುಲಾಬಿಗಳೇ. ಕಸಿಯಿಲ್ಲದ್ದು ಗುಲಾಬಿಯೇ ಅಲ್ಲ, ಹೆಂಗಸರ ಆಟ ಎನ್ನುತ್ತಿದ್ದಳು. ಜನವರಿಯ ಚಳಿ ಅವುಗಳಲ್ಲೂ ಗೋಡೆಯ ಮರೆಯಿಲ್ಲದ ಕೊಂಬೆಗಳನ್ನು ಸುಟ್ಟಿತ್ತು. ಆದರೆ ಅವುಗಳ ಬೇರೂ ಅದೇ ಗುಲಾಬಿಯದು, ಹಾಗಾಗಿ ನೆಲದಿಂದ ಮೇಲೆ ಬಂದದ್ದೂ ಅದೇ ಗುಲಾಬಿ.

"ಇದಕ್ಕೆ ಹೆಸರೇನಂತ ಇಟ್ಕೊಂಡಿದ್ದೀರಿ?" ಎಂದು ವಿಧವೆಯನ್ನು ಕೇಳಿದಳು.

ವಿಧವೆ ಒಳಉಡುಪಿನ ಹಿಂದೆ ಮುಖ ಮರೆಸಿಕೊಂಡಳು. "ಸಿಡುಕಿ ಅಂತೀವಿ."

ಎಟೆಲ್ಕಾ ಮನೆಗೆ ಬಂದು ಹಾಸಿಗೆಯ ಮೇಲೆ ಕೂತಳು. ಅವಮಾನವಾಗಿತ್ತು, ಸಿಟ್ಟು ಬಂದಿತ್ತು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗಿಯಬೇಕೆನಿಸಿತ್ತು. ಇಷ್ಟೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು: ಅದು ಸತ್ತಿಲ್ಲ. ತಾನು ಕಾಪಾಡಿದ್ದು ಸತ್ತಿತು, ಇವರು ಕದ್ದದ್ದು ಬದುಕಿತು. ಆ ಯೋಚನೆಯ ಬೆನ್ನಿಗೇ ಒಂದು ಮಾತು ನಾಲಿಗೆಯ ತುದಿಗೆ ಬಂತು. ಅದು ಯಾವ ಮಾತೆಂದು ತಿಳಿದಾಗ ಅವಳಿಗೆ ಹೆದರಿಕೆಯೇ ಆಯಿತು. ಯಾರಿಗೂ ಒಮ್ಮೆಯೂ ಹೇಳದ ಮಾತು ಅದು. ಈಗ ಬಾಯಿಂದ ಬಿದ್ದರೆ ಗಿಡ ಉಳಿಯುವುದಿಲ್ಲ.

ಮಾರನೆಯ ದಿನ ಎಮೊಕೆ ಗೇಟಿಗೆ ಬಂದಳು. ಕಣ್ಣು ಊದಿಕೊಂಡಿದ್ದವು. "ನೇನಿ, ಅದು ನಿಮ್ಮದೇ. ಗಿಡಾನೇ ಅಗೆದು ತಂದುಕೊಡ್ತೀನಿ."

"ಹೂ ಬಿಟ್ಟ ಗುಲಾಬೀನ ಅಗೀತಾಳಂತೆ! ನೋಡಿ ಇವಳ ಜಾಣತನ. ಕೊಟ್ಟರೆ ಈಸ್ಕೊಳ್ಳೋಕೆ ನಾನೇನು ಭಿಕ್ಷುಕೀನಾ?"

"ಕಡ್ಡಿನಾದ್ರೂ..."

"ಕೊಡಬೇಡ ಅಂದೆ." ಎಟೆಲ್ಕಾ ಅವಳ ಮುಖ ನೋಡದೆ ಹೇಳಿದಳು. "ಕೊಡಬೇಡ. ಅರ್ಥ ಆಯ್ತಾ?"

ಎಮೊಕೆ ಅರ್ಥವಾಯಿತೆಂದು ನಿಧಾನವಾಗಿ ತಲೆಯಾಡಿಸಿ ಹೋದಳು.

ಕಡ್ಡಿ ಬಲಿಯಲು ಹೂವು ಉದುರಬೇಕು. ಎಟೆಲ್ಕಾ ಕಾದಳು. ಕಿಟಕಿಯಿಂದ ನೋಡಿದರೆ ಎಮೊಕೆ ತನ್ನ ಹುಲ್ಲನ್ನು ಕೊಯ್ಯುತ್ತಿದ್ದಳು. ಪೀಪಾಯಿಯವರೆಗೆ ಒಂದು ಆಳು ನಡೆಯುವಷ್ಟು ಅಗಲಕ್ಕೆ ಕೊಯ್ದು ನಿಲ್ಲಿಸಿದಳು. ಸೊಂಟ ನೋಯುವವರು ಕೋಲೂರಿಕೊಂಡು ಹೋಗುವಷ್ಟು ಅಗಲ.

ಜೂನ್ ಮಧ್ಯದ ಒಂದು ಮಧ್ಯಾಹ್ನ ಎಟೆಲ್ಕಾ ಏಪ್ರನ್ನಿನ ಜೇಬಿಗೆ ಕಸಿಯ ಚಾಕು ಹಾಕಿಕೊಂಡು ಬೀದಿಯಲ್ಲಿ ನಡೆದು ಎಮೊಕೆಯ ಗೇಟು ತೆಗೆದಳು. ಅದು ಕಿರ್ರೆಂದಿತು. ಎಮೊಕೆ ಹಿಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಳು. ಎಟೆಲ್ಕಾಳನ್ನು ನೋಡಿದಳು, ಚಾಕುವನ್ನೂ ನೋಡಿದಳು. ಎದ್ದು, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಬೆನ್ನು ಹಾಕಿ ಕೂತುಕೊಂಡಳು.

ಎಟೆಲ್ಕಾ ಹೆಬ್ಬೆರಳಿನಿಂದ ಒಂದು ಮುಳ್ಳನ್ನು ಒತ್ತಿದಳು. ಅದು ಟಕ್ಕನೆ ಕಳಚಿಕೊಂಡಿತು. ಕಡ್ಡಿ ಬಲಿತಿದೆ. ಕತ್ತರಿಸಿದಳು. ಕತ್ತರಿಸಿ ಅಲ್ಲೇ ನಿಂತಳು. ಅವಳು ತಿರುಗಲಿ, ಕಳ್ಳಿ ಎನ್ನಲಿ, ಲೆಕ್ಕ ಸರಿಹೋಗಲಿ ಎಂದು ಕಾದಳು. ಬಾಗಿಲು ತೆಗೆದ ಗಾಳಿಗೂ ಧನ್ಯವಾದ ಹೇಳುವ ಹೆಂಗಸು, ಕುತ್ತಿಗೆ ಕೆಂಪಗೆ ಮಾಡಿಕೊಂಡು, ಸುಣ್ಣ ಬಳಿದ ಗೋಡೆಯನ್ನೇ ಓದುತ್ತ ಕೂತಿದ್ದಳು.

ತನ್ನ ಅಂಗಳಕ್ಕೆ ಬಂದು ಎಟೆಲ್ಕಾ ಗೋಣಿಚೀಲ ಹಾಸಿ, ಮುಲುಗುತ್ತ ಮಂಡಿಯೂರಿದಳು. ಬೇಲಿಯ ಬಳಿ, ಬೇಡವೆಂದು ಬಿಟ್ಟಿದ್ದ ಕಾಡುಗುಲಾಬಿಯ ಚಿಗುರು ಬೆರಳು ದಪ್ಪಗಾಗಿತ್ತು. ಅದರ ತೊಗಟೆ ಸೀಳಿ, ಕಣ್ಣು ಕೂರಿಸಿ, ರಬ್ಬರು ಪಟ್ಟಿ ಸುತ್ತಿದಳು. ಹದಿನೈದು ವರ್ಷ ಆಗಿತ್ತು ಚಾಕು ಹಿಡಿದು, ಕೈ ಏನನ್ನೂ ಮರೆತಿರಲಿಲ್ಲ. ಇನ್ನೂ ಒಂದು ಗೇಣು ಕಡ್ಡಿ ಉಳಿದಿತ್ತು. ಅದನ್ನು ಒಲೆಗೆ ಹಾಕಲು ಎದ್ದವಳು ಅಡುಗೆಮನೆಯಿಂದ ಉಪ್ಪಿನಕಾಯಿ ಬಾಟಲಿ ತಂದಳು. ಅತ್ತಿತ್ತ ನೋಡಿ, ಕಡ್ಡಿಯನ್ನು ಕಿಟಕಿಯ ಕೆಳಗೆ ಚುಚ್ಚಿ, ಬಾಟಲಿ ಬೋರಲು ಹಾಕಿದಳು.

ತಲೆಯೆತ್ತಿದರೆ ಬೇಲಿಯಾಚೆ ಎಮೊಕೆ.

"ಏನ್ ನೋಡ್ತಿದ್ದೀಯ?"

"ನಾನೇನೂ ನೋಡಿಲ್ಲ ನೇನಿ."

"ನವೆಂಬರಲ್ಲಿ ಇದರ ಬುಡಕ್ಕೆ ಮಣ್ಣು ಏರಿಸಬೇಕು," ಎಂದಳು ಎಟೆಲ್ಕಾ ಬಾಟಲಿಯ ಕಡೆ ನೋಡುತ್ತ. "ನನ್ನ ಸೊಂಟದ ಕೈಲಿ ಆಗಲ್ಲ. ಆ ಮದುವೆ ಕೈಗವಸು ಹಾಕ್ಕೊಂಡು ಬಂದ್ರೆ ಮಾತ್ರ ಗೇಟಿಂದಾನೇ ಓಡಿಸ್ತೀನಿ."

ಎಮೊಕೆಯ ಬಾಯಿ ತೆರೆಯಿತು. ಆ ಹಾಳು ಮಾತು ತುಟಿಯವರೆಗೂ ಬಂದಿರುವುದು ಎಟೆಲ್ಕಾಳಿಗೆ ಕಂಡಿತು, ಚಾಕುವಿನ ಕೈ ಎತ್ತಿದಳು. ಎಮೊಕೆ ಬಾಯಿ ಮುಚ್ಚಿಕೊಂಡಳು, ಉಗುಳು ನುಂಗಿದಳು. ಬೇಲಿಯ ಮೇಲಿಂದ ಬಾಗಿ ಬಾಟಲಿಯನ್ನೊಮ್ಮೆ, ಕಸಿಯನ್ನೊಮ್ಮೆ ನೋಡಿ, ಕಷ್ಟಪಟ್ಟು ಮೂಗು ಮುರಿದಳು.

"ದರಿದ್ರ ಗಿಡ," ಎಂದಳು. "ಬದುಕೋ ಹಾಗೆ ಕಾಣಲ್ಲ."

ಮೂರು ವರ್ಷದಲ್ಲಿ ಆ ಹೆಂಗಸಿನ ಬಾಯಿಂದ ಎಟೆಲ್ಕಾ ಕೇಳಿದ ಮೊದಲ ಮರ್ಯಾದೆಯ ಮಾತು ಅದು.